ಸಿಟ್ಟು ಇಳಿದ ಮೇಲೆ ಅರ್ಜಿ

ಕೇಳುಗರಿಗೆ ನಮಸ್ಕಾರ.

ಕೆಲಸದಲ್ಲಿ ಇರುವವರು ಎಂ.ಬಿ.ಎ.ಗೆ ಯಾವಾಗ ಅರ್ಜಿ ಹಾಕಬೇಕು? ಇವತ್ತು ನನಗೆ ಕೊಟ್ಟಿರುವ ವಿಷಯ ಇದು. ಈಗಷ್ಟೇ ಡಿಗ್ರಿ ಮುಗಿಸಿದ ಹುಡುಗರಿಗೆ ಹೇಳಲು ಊರ ತುಂಬ ಕೋಚಿಂಗ್ ಕ್ಲಾಸುಗಳಿವೆ, ಅವರನ್ನು ಅಲ್ಲಿಗೇ ಬಿಡೋಣ. ನನ್ನ ಮಾತು ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ಏಳೆಂಟು ವರ್ಷ ಬೆವರು ಸುರಿಸಿದ ಎಂಜಿನಿಯರ್‌ಗೆ. ಮುಧೋಳದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಮಾಡುವ ಕೆಮಿಸ್ಟ್‌ಗೆ. ವಿಜಯಪುರದ ಯಾವುದೋ ಬ್ಯಾಂಕ್ ಶಾಖೆಯಲ್ಲಿ ಸಾಲದ ಫೈಲು ತಿರುವುತ್ತಾ ಕೂತ ಆಫೀಸರಮ್ಮನಿಗೆ. ಅವರ ಅಪ್ಪ ಅವ್ವ ಕೇಳುತ್ತಿದ್ದರೂ ಒಳ್ಳೆಯದೇ. ಫೀಸಿನ ಮಾತು ಬಂದಾಗ ಹೊಲದ ಕಾಗದ ತೆಗೆಯುವವರು ಅವರೇ ಅಲ್ವಾ?

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಸಿಟ್ಟು ಬಂದಾಗ ಅರ್ಜಿ ಹಾಕಬೇಡಿ. ಕೆಲಸ ಚೆನ್ನಾಗಿ ನಡೆದಾಗ ಹಾಕಿ. ಈಗ ರೇಡಿಯೊ ಬಂದ್ ಮಾಡಿ ಎದ್ದು ಹೋದರೂ ನಿಮಗೆ ನಷ್ಟ ಇಲ್ಲ.

ಅರ್ಜಿಯ ಸಲಹೆಗೆ ನನ್ನ ಹತ್ತಿರ ಬರುವವರು ಮೊದಲು ಕೇಳುವುದು ವಯಸ್ಸಿನ ಬಗ್ಗೆ. ಸರ್, ನನಗೆ 32 ಆಯ್ತು, ತಡ ಆಯ್ತೇನೋ? ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ. ಉತ್ತರ ಅರ್ಧ ನಿಮಿಷದ್ದು. ಐಐಎಂನಂಥ ಮ್ಯಾನೇಜ್‌ಮೆಂಟ್ ಕಾಲೇಜುಗಳ ಪ್ರವೇಶ ಪರೀಕ್ಷೆ ಕ್ಯಾಟ್‌ಗೆ ವಯಸ್ಸಿನ ಮಿತಿಯೇ ಇಲ್ಲ. ಆದರೆ ಎರಡು ವರ್ಷದ ಕೋರ್ಸಿನಲ್ಲಿ ಜಾಸ್ತಿ ಇರುವವರು 22ರಿಂದ 25ರ ಹುಡುಗರು. ಎಂಟು ವರ್ಷ ದುಡಿದವರು ಅಲ್ಲಿಗೆ ಹೋದರೆ, ಕೊನೆಗೆ ಆ ಹುಡುಗರಿಗೆ ಸಿಗುವ ಕೆಲಸಕ್ಕೇ ಸಾಲಿನಲ್ಲಿ ನಿಲ್ಲಬೇಕು. ಅನುಭವ ಇದ್ದವರಿಗೆಂದೇ ಒಂದು ವರ್ಷದ ಕೋರ್ಸುಗಳಿವೆ. ಅಹಮದಾಬಾದ್ ಐಐಎಂನ ಪಿಜಿಪಿಎಕ್ಸ್ 2006ರಿಂದ ನಡೆಯುತ್ತಿದೆ, ಅದಕ್ಕೆ ಕನಿಷ್ಠ 4 ವರ್ಷ ಅನುಭವ ಬೇಕು. ಕಲ್ಕತ್ತ ಐಐಎಂನ ಎಂಬಿಎಇಎಕ್ಸ್‌ಗೆ, ಅಂದರೆ ಮೊದಲು ಪಿಜಿಪಿಇಎಕ್ಸ್ ಅನ್ನುತ್ತಿದ್ದ ಕೋರ್ಸಿಗೆ, 5 ವರ್ಷ. ಹೈದರಾಬಾದಿನ ಮ್ಯಾನೇಜ್‌ಮೆಂಟ್ ಕಾಲೇಜು ಐಎಸ್‌ಬಿಗೆ 2 ವರ್ಷ ಸಾಕು. ನಮ್ಮ ಬೆಂಗಳೂರು ಐಐಎಂನಲ್ಲಿ ಅಂಥದ್ದೇ ಇಪಿಜಿಪಿ ಇದೆ. ನಿಮ್ಮ ಜಾಗ ಇವುಗಳಲ್ಲಿ ಇದೆ. ವಯಸ್ಸಿನ ಮಾತು ಮುಗಿಯಿತು.

ಈಗ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಹೆಸರು ಬೇಡ. ಫೌಂಡ್ರಿಯ ಹೆಸರೂ ಬೇಡ.

ಕೆಲವು ವರ್ಷದ ಹಿಂದಿನ ಮಾತು. ಜುಲೈ ತಿಂಗಳು. ಬೆಳಗಾವಿಯ ಜುಲೈ ಮಳೆ ನಿಮಗೆ ಗೊತ್ತಲ್ಲ, ಹಿಡಿದರೆ ವಾರಗಟ್ಟಲೆ ಬಿಡೋದಿಲ್ಲ. ಟಿಳಕವಾಡಿಯಲ್ಲಿ ಎರಡನೇ ಗೇಟಿನ ಹತ್ತಿರ ನಮ್ಮ ಮನೆ. ಸಂಜೆ ಏಳರ ಸುಮಾರಿಗೆ ಬೈಕ್ ಬಂದು ನಿಂತ ಸದ್ದು. ರೇನ್‌ಕೋಟಿನಿಂದ ನೀರು ಸುರಿಯುತ್ತಿದೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಫೈಲು. ಗೋಕಾಕ ಕಡೆಯ ಹುಡುಗ. 31 ವರ್ಷ. ಎಂಟು ವರ್ಷದಿಂದ ಒಂದೇ ಫೌಂಡ್ರಿ. ಒಳಗೆ ಬಂದು ಕೂರುವ ಮೊದಲೇ ಶುರು ಮಾಡಿದ.

“ಸರ, ಇನ್ನ ಅಲ್ಲಿ ಒಂದ ದಿನಾನೂ ಇರಂಗಿಲ್ರಿ. ಎಂ.ಬಿ.ಎ. ಮಾಡ್ತೀನಿ. ಅವ್ರಿಗೆ ತೋರಸ್ತೀನಿ.”

ಆಗಿದ್ದು ಏನಂದರೆ, ಇವನಿಗೆ ಸಿಗಬೇಕಿದ್ದ ಮ್ಯಾನೇಜರ್ ಹುದ್ದೆ ಮಾಲಕರ ಸಂಬಂಧಿಕನಿಗೆ ಸಿಕ್ಕಿದೆ. ಅವನು ಬಂದು ಎರಡೇ ವರ್ಷ. ಸಿಟ್ಟು ನ್ಯಾಯದ್ದೇ, ಇಲ್ಲ ಅನ್ನೋದಿಲ್ಲ. ನಮ್ಮ ಮನೆಯವರು ಚಹಾ, ಹಚ್ಚಿದ ಅವಲಕ್ಕಿ ತಂದಿಟ್ಟರು. ಹುಡುಗ ಮುಟ್ಟಲಿಲ್ಲ. ಫೈಲಿನಿಂದ ಪ್ರಬಂಧ ತೆಗೆದು ಕೊಟ್ಟ. ಈ ಕಾಲೇಜುಗಳು ಅರ್ಜಿಯ ಜೊತೆ ಒಂದೆರಡು ಪುಟ ಬರೆಯಲು ಹೇಳುತ್ತವೆ. ನಿಮಗೆ ಎಂ.ಬಿ.ಎ. ಯಾಕೆ, ಅದೂ ಈಗಲೇ ಯಾಕೆ ಅಂತ.

ನಾನು ಪೆನ್ಸಿಲ್ ತೆಗೆದುಕೊಂಡು ಎಣಿಸಿದೆ. ಒಂದೂವರೆ ಪುಟದಲ್ಲಿ “ಅವರು” ಅನ್ನುವ ಪದ 19 ಸಲ. “ನಾನು” 3 ಸಲ. ಅದರಲ್ಲಿ ಒಂದು “ನಾನು ತಾಳ್ಮೆಯಿಂದ ಸಹಿಸಿಕೊಂಡೆ” ಅಂತ!

“ತಮ್ಮಾ, ಎಂಟು ವರ್ಷದಾಗ ನೀ ಏನ ಮಾಡಿದಿ?” ಅಂದೆ.

“ಏನ ಮಾಡೀನ್ರಿ ಸರ, ನೌಕರಿ ಮಾಡೀನಿ.”

ಮಳೆ ನಿಲ್ಲೋವರೆಗೆ ಅವನು ಹೋಗೋ ಹಾಗಿಲ್ಲ, ನಾನೂ ಎಲ್ಲಿಗೂ ಹೋಗೋ ಹಾಗಿಲ್ಲ. ಸುಮ್ನೆ ಫೌಂಡ್ರಿಯ ಮಾತು ತೆಗೆದೆ. ನಾನೂ ಮೊದಲು ಅದೇ ಕೆಲಸದಲ್ಲಿ ಇದ್ದವನು, ಕಾದ ಕಬ್ಬಿಣದ ವಾಸನೆ ಇನ್ನೂ ಮೂಗಿನಲ್ಲಿದೆ. ಎಸ್.ಜಿ. ಐರನ್ ಮಾಡ್ತೀರಾ ಅಂತ ಕೇಳಿದೆ. ಆಗ ನೋಡಿ, ಹುಡುಗನ ಮುಖವೇ ಬೇರೆ ಆಯಿತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕರಗಿದ ಕಬ್ಬಿಣಕ್ಕೆ ಸ್ವಲ್ಪ ಮೆಗ್ನೀಸಿಯಂ ಕೂಡಿಸುತ್ತಾರೆ. ಆಗ ಅದರೊಳಗಿನ ಗ್ರಾಫೈಟ್ ಚಕ್ಕೆ ಚಕ್ಕೆಯಾಗಿ ಉಳಿಯದೆ ಗುಂಡಗೆ ಕೂಡಿಕೊಳ್ಳುತ್ತದೆ, ಎರಕ ಗಟ್ಟಿ ಬರುತ್ತದೆ. ಆದರೆ ಮೆಗ್ನೀಸಿಯಂ ಕಾಯುತ್ತಾ ಕೂರುವುದಿಲ್ಲ. ಹತ್ತು ಹನ್ನೆರಡು ನಿಮಿಷದಲ್ಲಿ ಅದರ ಗುಣ ಇಳಿಯುತ್ತಾ ಹೋಗುತ್ತದೆ. ಫೌಂಡ್ರಿಯವರು ಇದಕ್ಕೆ ಫೇಡಿಂಗ್ ಅನ್ನುತ್ತಾರೆ. ಅಷ್ಟರೊಳಗೆ ಎಲ್ಲ ಅಚ್ಚಿಗೂ ಸುರಿದು ಮುಗಿಸಬೇಕು. ತಡವಾದರೆ ತುಂಡು ನೋಡಲು ಚೆಂದ ಇರುತ್ತದೆ, ಹೊಡೆದರೆ ಒಡೆಯುತ್ತದೆ.

ಇವರ ಫೌಂಡ್ರಿಯಲ್ಲಿ ರಾತ್ರಿ ಪಾಳಿಯ ಮಾಲು ನೂರಕ್ಕೆ 11 ರಿಜೆಕ್ಟ್ ಆಗುತ್ತಿತ್ತು. ಹಗಲು ಪಾಳಿಯಲ್ಲಿ ಆ ತೊಂದರೆ ಇಲ್ಲ. ಎಲ್ಲರೂ ಸ್ಕ್ರ್ಯಾಪ್ ಸರಿ ಇಲ್ಲ ಅಂದರು, ಮರಳು ಸರಿ ಇಲ್ಲ ಅಂದರು. ಈ ಹುಡುಗ ಮೂರು ರಾತ್ರಿ ಗಡಿಯಾರ ಹಿಡಿದು ಲೇಡಲ್, ಅಂದರೆ ಕರಗಿದ ಕಬ್ಬಿಣ ಸುರಿಯುವ ದೊಡ್ಡ ಪಾತ್ರೆಯ ಪಕ್ಕ ನಿಂತ. ಏನು ಕಂಡ ಗೊತ್ತಾ? ರಾತ್ರಿ ಕ್ರೇನ್ ನಡೆಸಲು ಒಬ್ಬನೇ ಇರುತ್ತಿದ್ದ. ಅವನು ಈ ಕಡೆ ಅಚ್ಚು ಎತ್ತಿಟ್ಟು ಬರುವವರೆಗೆ ಆ ಕಡೆ ಲೇಡಲ್ ನೇತಾಡುತ್ತಾ ಕಾಯುತ್ತಿತ್ತು. ಕೊನೆಯ ಅಚ್ಚಿಗೆ ಬರುವಷ್ಟರಲ್ಲಿ 16 ನಿಮಿಷ. ಇವನು ಮಾಲಕರಿಂದ ಒಂದು ಪೈಸೆ ಕೇಳಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಸಣ್ಣ ಲೇಡಲ್ ತೊಳೆದು, ಲೈನಿಂಗ್ ಮಾಡಿಸಿ, ಎರಡು ಸಲಕ್ಕೆ ಸುರಿಯಲು ಶುರು ಮಾಡಿಸಿದ. 11 ಇದ್ದದ್ದು 4ಕ್ಕೆ ಬಂತು.

ಅವಲಕ್ಕಿ ತಟ್ಟೆ ಯಾವಾಗ ಖಾಲಿ ಆಯಿತೋ ಅವನಿಗೂ ಗೊತ್ತಿಲ್ಲ.

“ಇದನ್ನ ಯಾಕ ಬರದಿಲ್ಲೋ?” ಅಂದೆ. “ಇದರಾಗ ಏನೈತ್ರಿ ಸರ, ಕೆಲಸಾನ ಅಲ್ಲಾ ಅದು,” ಅಂದ.

ನೋಡಿ, ಸಿಟ್ಟು ಮಾಡುವ ಕೆಲಸ ಇದು. ಸಾಹೇಬರು ಮಾಡಿದ ಅನ್ಯಾಯ 19 ಸಲ ನೆನಪಿರುತ್ತದೆ, ತಾನು ಮಾಡಿದ ಕೆಲಸ ಮರೆತೇ ಹೋಗಿರುತ್ತದೆ. ಪ್ರಬಂಧ ಓದುವ ಪ್ರೊಫೆಸರ್‌ಗೆ ನಿಮ್ಮ ಸಾಹೇಬರು ಬೇಕಾಗಿಲ್ಲ. ಅವರೇನು ಅರ್ಜಿ ಹಾಕಿಲ್ಲವಲ್ಲ!

ನಾನು ಅವನಿಗೆ ಹೇಳಿದೆ. ಈ ವರ್ಷ ಬೇಡ. ಒಂದು ಲೈನಿನಲ್ಲಿ ಮಾಡಿದ್ದನ್ನು ಉಳಿದ ಎರಡು ಲೈನಿನಲ್ಲೂ ಮಾಡು. ನೀನು ಇಲ್ಲದಾಗಲೂ ನಡೆಯುವ ಹಾಗೆ ನಾಲ್ಕು ಜನರಿಗೆ ಕಲಿಸು. ಆಮೇಲೆ ಬಾ. ಹುಡುಗನಿಗೆ ನನ್ನ ಮೇಲೂ ಸಿಟ್ಟು ಬಂತು. ಎರಡನೇ ಕಪ್ ಚಹಾ ಹಾಗೇ ಬಿಟ್ಟು, ಮಳೆಯಲ್ಲೇ ಬೈಕ್ ಒದ್ದು ಹೋದ. ಹನ್ನೊಂದು ತಿಂಗಳು ಸುಳಿವಿಲ್ಲ.

ಮರುವರ್ಷ ಜೂನಿನಲ್ಲಿ ಬಂದ. ಈ ಒಂದು ವರ್ಷದ ಕೋರ್ಸುಗಳಿಗೆ ನಡೆಯುವ ಪ್ರವೇಶ ಪರೀಕ್ಷೆ ಜಿಮ್ಯಾಟ್ ಬರೆದು ಅಂಕ ತಂದಿದ್ದ. ಪ್ರಬಂಧದಲ್ಲಿ “ಅವರು” ಹುಡುಕಿದರೆ ಸಿಕ್ಕಿದ್ದು ಕ್ರೇನ್ ಆಪರೇಟರ್ ಮತ್ತು ಮೌಲ್ಡಿಂಗ್ ಹುಡುಗರು. ಅವರಿಗೆ ಹೇಗೆ ಕಲಿಸಿದೆ ಅಂತ ಬರೆದಿದ್ದ. ಶಿಫಾರಸು ಕೊಟ್ಟವರು ಯಾರು? ಅದೇ ಮಾಲಕರು. ಈಗೆಲ್ಲ ಶಿಫಾರಸನ್ನು ನಿಮ್ಮ ಕೈಗೆ ಕೊಡುವುದಿಲ್ಲ. ಕಾಲೇಜಿನವರು ನೇರವಾಗಿ ಸಾಹೇಬರ ಇಮೇಲಿಗೆ ಲಿಂಕ್ ಕಳಿಸುತ್ತಾರೆ. ಜಗಳ ಆಡಿ ಬಂದ ವಾರದಲ್ಲಿ ಆ ಲಿಂಕ್ ಹೋದರೆ ಅವರು ಏನು ಬರೆಯುತ್ತಾರೆ, ನೀವೇ ಯೋಚಿಸಿ. ಸಂದರ್ಶನದಲ್ಲಿ ಮುಕ್ಕಾಲು ಪಾಲು ಸಮಯ ಲೇಡಲ್ ಬಗ್ಗೆಯೇ ಕೇಳಿದರಂತೆ. ಸೀಟು ಸಿಕ್ಕ ದಿನ ನಮ್ಮ ಮನೆಗೆ ಒಂದು ಕಿಲೋ ಕುಂದಾ ಬಂತು.

ಇಷ್ಟು ಖಡಕ್ಕಾಗಿ ಹೇಳುತ್ತಿರುವುದಕ್ಕೆ ಕಾರಣ ಇದೆ. ನಾನೂ ಇದೇ ತಪ್ಪು ಮಾಡಿದವನು. ಇನ್‌ಕ್ರಿಮೆಂಟ್ ವಿಷಯಕ್ಕೆ ಜಗಳ ಆಡಿ ಅರ್ಜಿ ಹಾಕಿದ್ದೆ. ಸಂದರ್ಶನದಲ್ಲಿ ಎದುರು ಕೂತ ಹಿರಿಯರು ಒಂದಷ್ಟು ಹೊತ್ತು ಕೇಳಿ, “ನಿಮ್ಮ ಕಂಪನಿಯ ಬಗ್ಗೆ ತಿಳಿಯಿತು. ಈಗ ನಿಮ್ಮ ಬಗ್ಗೆ ಹೇಳ್ತೀರಾ?” ಅಂದರು. ನನ್ನ ಬಾಯಿ ಒಣಗಿತು. ಆ ವರ್ಷ ಸೀಟು ಸಿಗಲಿಲ್ಲ, ಸಿಗಬಾರದಾಗಿತ್ತು ಕೂಡ.

ಗಾಜಿನ ಆಚೆ ಕೂತವರು ಆಗಲೇ ಕೈ ಮಾಡುತ್ತಿದ್ದಾರೆ. ಕಥೆ ಉದ್ದ ಆಯಿತು ಅಂತ ಕಾಣುತ್ತೆ. ಉಳಿದದ್ದು ಬೇಗ ಬೇಗ.

ತಿಂಗಳ ಲೆಕ್ಕ ಇಟ್ಟುಕೊಳ್ಳಿ. ನಾನು ಹೇಳಿದ ಒಂದು ವರ್ಷದ ಕೋರ್ಸುಗಳಲ್ಲಿ ಹೆಚ್ಚಿನವು ಏಪ್ರಿಲ್ ಸುಮಾರಿಗೆ ಶುರುವಾಗುತ್ತವೆ. ಅರ್ಜಿಗಳು ಹಿಂದಿನ ವರ್ಷದ ಮಳೆಗಾಲ, ಚಳಿಗಾಲದಲ್ಲಿ ಸುತ್ತು ಸುತ್ತಾಗಿ ನಡೆಯುತ್ತವೆ. ಮೊದಲ ಸುತ್ತಿಗೇ ಹಾಕಿ, ಆಗ ಸೀಟು ಜಾಸ್ತಿ ಇರುತ್ತವೆ. ಅಂದರೆ ಬೇಸಿಗೆ ಮುಗಿಯುವುದರೊಳಗೆ ಪರೀಕ್ಷೆ ಮುಗಿದಿರಬೇಕು. ಇವತ್ತು ಮನಸ್ಸು ಮಾಡಿದವರು ಕ್ಲಾಸಿನಲ್ಲಿ ಕೂರುವುದಕ್ಕೆ ವರ್ಷದ ಮೇಲೇ ಬೇಕು. ಸಿಟ್ಟು ಅಷ್ಟು ದಿನ ಬಾಳುವುದಿಲ್ಲ, ಅದಕ್ಕೇ ಹೇಳಿದ್ದು.

ಸಕ್ಕರೆ ಕಾರ್ಖಾನೆಯವರಿಗೆ ಒಂದು ಮಾತು. ಕ್ಯಾಟ್ ಬರುವುದು ಸಾಮಾನ್ಯವಾಗಿ ನವೆಂಬರ್ ಕೊನೆಯ ಭಾನುವಾರ. ನಿಮಗೆ ಆಗ ಕಬ್ಬು ಅರೆಯುವ ಹಂಗಾಮು, ಗೇಟಿನ ಮುಂದೆ ಟ್ರ್ಯಾಕ್ಟರ್ ಸಾಲು. ಕಣ್ಣು ಮುಚ್ಚಲು ಪುರುಸೊತ್ತಿಲ್ಲ, ಓದುವುದೆಲ್ಲಿ? ನಿಮಗೆ ಜಿಮ್ಯಾಟ್ ಸರಿ. ವರ್ಷದ ಯಾವ ತಿಂಗಳಲ್ಲಾದರೂ ಬರೆಯಬಹುದು. 2023ರ ನವೆಂಬರಿನಿಂದ ಅದರ ಹೊಸ ರೂಪ ಬಂದಿದೆ. ಮೂರು ಭಾಗ, ಒಂದೊಂದಕ್ಕೆ 45 ನಿಮಿಷ, ಒಟ್ಟು ಎರಡೂಕಾಲು ಗಂಟೆ. ಅಂಕ 205ರಿಂದ 805ರವರೆಗೆ. ಒಮ್ಮೆ ಬಂದ ಅಂಕ 5 ವರ್ಷ ನಡೆಯುತ್ತದೆ, ಕ್ಯಾಟ್ ಅಂಕ ಒಂದೇ ವರ್ಷ. ಕಾರ್ಖಾನೆ ಬಂದ್ ಇರುವ ಏಪ್ರಿಲ್, ಮೇ ತಿಂಗಳಲ್ಲಿ ಓದಿ ಬರೆದು ಅಂಕ ಜೇಬಿನಲ್ಲಿ ಇಟ್ಟುಕೊಳ್ಳಿ. ಅರ್ಜಿಯನ್ನು ಯಾವ ವರ್ಷ ಬೇಕಾದರೂ ಹಾಕಿ, ಕೆಲಸ ಚೆನ್ನಾಗಿ ನಡೆದ ವರ್ಷ.

ನೌಕರಿ ಬಿಡಲು ಆಗದವರಿಗೆ ವಾರದ ಕೊನೆಯ ಕ್ಲಾಸುಗಳಿವೆ. ಬೆಂಗಳೂರು ಐಐಎಂನ ಪಿಜಿಪಿಇಎಂ ಅಂಥದ್ದು. ಆದರೆ ಬೆಳಗಾವಿಯಿಂದ ವಾರ ವಾರ ರಾಣಿ ಚೆನ್ನಮ್ಮ ರೈಲು ಹತ್ತಿ ಹೋಗಿ ಬಂದು ಎರಡು ವರ್ಷ ತೆಗೆಯುತ್ತೇನೆ ಅನ್ನುವವರು, ಒಂದು ತಿಂಗಳು ಸುಮ್ನೆ ಹೋಗಿ ಬಂದು ನೋಡಿ. ಬೆನ್ನು ಏನು ಹೇಳುತ್ತೆ ಕೇಳಿ.

ಫೀಸು ಸಣ್ಣದಲ್ಲ. ದೊಡ್ಡ ಹೆಸರಿನ ಕಾಲೇಜುಗಳಲ್ಲಿ 30 ಲಕ್ಷದ ಮೇಲೆ. ಅದರ ಜೊತೆ ಒಂದು ವರ್ಷದ ಸಂಬಳ ಹೋಯಿತು ಅಂತಲೇ ಲೆಕ್ಕ ಹಿಡಿಯಿರಿ. ಹೊಲ ಮಾರುವ ಮೊದಲು ಬ್ಯಾಂಕಿನ ಶಿಕ್ಷಣ ಸಾಲ ವಿಚಾರಿಸಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಇದ್ದರೆ ಆ ಸಾಲದ ಬಡ್ಡಿಗೆ 8 ವರ್ಷದವರೆಗೆ ವಿನಾಯಿತಿ ಇದೆ.

ಇನ್ನೊಂದು. ಮನೆಯಲ್ಲಿ ಹೇಳದೆ ಫಾರ್ಮ್ ತುಂಬಬೇಡಿ. ನಮ್ಮ ಗೋಕಾಕದ ಹುಡುಗ ಹೇಳಿರಲಿಲ್ಲ. ಅವನ ಹೆಂಡತಿಗೆ ವಿಷಯ ಗೊತ್ತಾದದ್ದು, ಒಂದು ಕಿಲೋ ಕುಂದಾ ಯಾರ ಮನೆಗೆ, ಯಾಕೆ ಅಂತ ಕೇಳಿದಾಗ. ಆಮೇಲೆ ಅವರ ಮನೆಯಲ್ಲಿ ಏನಾಯಿತು ಅನ್ನೋದು ಇನ್ನೊಂದು ಭಾಷಣಕ್ಕೆ ಆಗುವಷ್ಟಿದೆ. ಇಲ್ಲಿ ಕೆಂಪು ದೀಪ ಹತ್ತಿದೆ. ನಮಸ್ಕಾರ.