ಅಗಳು ತೋಡಿದ ಮೇಲೂ ಬಾಗಿಲಿಗೆ ಚಿಲಕ

ಅಧ್ಯಕ್ಷರೇ, ಹಿರಿಯರೇ, ಗೆಳೆಯರೇ,

ಕಳೆದ ಬಾರಿ ಇದೇ ಸಭಾಂಗಣದಲ್ಲಿ ಮಾತು ಮುಗಿಸಿ ಇಳಿಯುವಾಗ ಹಿಂದಿನ ಸಾಲಿನಿಂದ ಹಿರಿಯರೊಬ್ಬರು, "ಮನೆಯಲ್ಲಿ ರೂಟರ್ ಇರುವಾಗ ಕಂಪ್ಯೂಟರಿನೊಳಗೆ ಇನ್ನೊಂದು ಫೈರ್‌ವಾಲ್ ಯಾಕೆ ಸ್ವಾಮಿ?" ಎಂದು ಕೇಳಿದ್ದರು. "ಎರಡೂ ಇರಲಿ" ಎಂದಷ್ಟೇ ಹೇಳಿ ನಾನು ಬಸ್ಸು ಹಿಡಿದೆ. ಮಂಡಗದ್ದೆ ದಾಟುವ ಹೊತ್ತಿಗೆ ಆ ಉತ್ತರದ ಬಗ್ಗೆ ನನಗೇ ನಾಚಿಕೆಯಾಗಿತ್ತು. ಇಂದಿನ ಉಪನ್ಯಾಸ ಆ ಸಾಲವನ್ನು ತೀರಿಸುವ ಪ್ರಯತ್ನ.

ಫೈರ್‌ವಾಲ್ ಎಂದರೆ ಹೊರಗಿನಿಂದ ಬರುವ ದತ್ತಾಂಶವನ್ನು ತಡೆದು ವಿಚಾರಿಸುವ ಕಾವಲು. ಅದು ಕೇಳುವ ಮೂಲ ಪ್ರಶ್ನೆ ಒಂದೇ: ನಿನ್ನನ್ನು ಕರೆದವರು ಯಾರು? ರೂಟರ್ ಈ ಪ್ರಶ್ನೆಯನ್ನು ತೋಟದ ಅಂಚಿನಲ್ಲಿ ನಿಂತು ಕೇಳುತ್ತದೆ, ಕಂಪ್ಯೂಟರಿನೊಳಗಿನ ಫೈರ್‌ವಾಲ್ ಮನೆಯ ಹೊಸ್ತಿಲಲ್ಲಿ ನಿಂತು ಕೇಳುತ್ತದೆ. ಮನೆಯ ಯಂತ್ರಗಳಿಗೆಲ್ಲ 192.168 ಎಂದು ಆರಂಭವಾಗುವಂಥ ಒಳವಿಳಾಸಗಳನ್ನು ಕೊಟ್ಟು, ಹೊರಜಗತ್ತಿಗೆ ಒಂದೇ ವಿಳಾಸವನ್ನು ತೋರಿಸುವ ರೂಟರ್, ಒಳಗಿನಿಂದ ಯಾರು ಯಾವ ತಾಣವನ್ನು ಕೇಳಿದರು ಎಂಬುದನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡಿರುತ್ತದೆ. ಆ ಪಟ್ಟಿಯಲ್ಲಿಲ್ಲದ ದತ್ತಾಂಶ ಹೊರಗಿನಿಂದ ಬಂದರೆ ಅದನ್ನು ಯಾರಿಗೆ ತಲುಪಿಸಬೇಕೆಂಬುದೇ ಅದಕ್ಕೆ ತಿಳಿಯದ ಕಾರಣ ಅಲ್ಲೇ ಕೈಬಿಡುತ್ತದೆ.

ಇದು ಸಣ್ಣ ಉಪಕಾರವಲ್ಲ. ಫೋನಿನ ತಂತಿಯನ್ನು ಮೋಡೆಮ್‌ಗೆ ಸಿಕ್ಕಿಸಿ ಕಿರ್‌ಗುಟ್ಟಿಸುತ್ತಿದ್ದ ಕಾಲ ನಿಮ್ಮಲ್ಲಿ ಹಲವರಿಗೆ ನೆನಪಿದೆ. ಆಗ ಕಂಪ್ಯೂಟರೇ ನೇರವಾಗಿ ಬೀದಿಗೆ ಮುಖಮಾಡಿ ಕೂತಿರುತ್ತಿತ್ತು. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ಹುಳು, ಅಂದರೆ ಯಂತ್ರದಿಂದ ಯಂತ್ರಕ್ಕೆ ತಾನಾಗಿ ಹರಡುವ ದುಷ್ಟ ತಂತ್ರಾಂಶ, ಹಬ್ಬಿದಾಗ ಯಾರೂ ಯಾವ ಕಡತವನ್ನೂ ತೆರೆಯಬೇಕಾಗಿರಲಿಲ್ಲ. ತಿದ್ದುಪಡಿ ಹಾಕದ ವಿಂಡೋಸ್ ಯಂತ್ರ ಸಂಪರ್ಕಕ್ಕೆ ಬಂದರೆ ಸಾಕಿತ್ತು, 135ನೇ ಪೋರ್ಟಿನ, ಅಂದರೆ ದತ್ತಾಂಶ ಓಡಾಡುವ ಸಂಖ್ಯೆಯಿಟ್ಟ ಬಾಗಿಲಿನ, ಮೂಲಕ ಹುಳು ಒಳಗಿರುತ್ತಿತ್ತು. ವಿಂಡೋಸ್ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಆಗಲೂ ಇತ್ತು, ಆದರೆ ಆರಿಸಿಟ್ಟಿದ್ದರು. ತಾನಾಗಿ ಚಾಲೂ ಇರುವಂತೆ ಮಾಡಿದ್ದು 2004ರ ಸರ್ವಿಸ್ ಪ್ಯಾಕ್ 2 ಎಂಬ ಪರಿಷ್ಕರಣೆಯಲ್ಲಿ.

ಹಾಗಾದರೆ ರೂಟರ್ ಬಂದ ಮೇಲೆ ಚಿಂತೆಯಿಲ್ಲವೇ? ನಾನೂ ಹಾಗೆಂದೇ ನಂಬಿದ್ದೆ. ಈ ಕಥೆಯನ್ನು ಈಗಾಗಲೇ ಕೇಳಿದವರು ಕ್ಷಮಿಸಬೇಕು. ನನ್ನ ಮನೆಯವಳು ಇದನ್ನು ಎಷ್ಟು ಸಲ ಕೇಳಿದ್ದಾಳೆಂದರೆ ಇಂದು ಸಭೆಗೇ ಬಂದಿಲ್ಲ.

2017ರಲ್ಲಿ ನಮ್ಮ ತೋಟದ ಮನೆಯ ಕಂಪ್ಯೂಟರಿಗೆ ವೈಫೈ ಪ್ರಿಂಟರ್ ಜೋಡಿಸಬೇಕಿತ್ತು. ಏನು ಮಾಡಿದರೂ ಒಂದು ಪಹಣಿಯನ್ನೂ ಅದು ಮುದ್ರಿಸಲೊಲ್ಲದು. ಸಂಜೆಯವರೆಗೆ ಹೆಣಗಿ, ಕೊನೆಗೆ ವಿಂಡೋಸ್ ಫೈರ್‌ವಾಲನ್ನು ಪೂರ್ತಿ ಆರಿಸಿದೆ. ಪ್ರಿಂಟರ್ ಆ ಕ್ಷಣವೇ ಗರಗರ ಎಂದಿತು, ನಾನು ಗೆದ್ದೆನೆಂದುಕೊಂಡೆ. ಮತ್ತೆ ಚಾಲೂ ಮಾಡಲು ಮರೆತೆನೆಂದು ಹೇಳಿದರೆ ಸುಳ್ಳಾಗುತ್ತದೆ. ರೂಟರ್ ಇದೆಯಲ್ಲ ಎಂದು ಬೇಕೆಂದೇ ಬಿಟ್ಟೆ. ದೀಪಾವಳಿಗೆ ಅಕ್ಕನ ಮಗ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹೊತ್ತು ಬಂದ. ಒಳಗೆ ಕಾಲಿಡುತ್ತಲೇ, ಕುಡಿಯಲು ನೀರು ಕೇಳುವ ಮೊದಲು, ವೈಫೈ ಪಾಸ್‌ವರ್ಡ್ ಕೇಳಿದ, ಕೊಟ್ಟೆವು. ರಾತ್ರಿ ಮಲಗುವಾಗ ಎಲ್ಲ ಸರಿಯಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಅವನ ಯಂತ್ರದ ಜೊತೆ ನಮ್ಮದರಲ್ಲೂ ಕಡತಗಳ ಹೆಸರೆಲ್ಲ ಬದಲಾಗಿ, ಯಾವುದೂ ತೆರೆಯದೆ, ಹಣ ಕೇಳುವ ಚೀಟಿಯೊಂದು ಪರದೆಯ ಮೇಲಿತ್ತು. ನಾಲ್ಕು ವರ್ಷಗಳ ಅಡಿಕೆ ಸುಲಿತದ ಲೆಕ್ಕ, ಯಾರು ಎಷ್ಟು ಡಬ್ಬ ಸುಲಿದರು, ಎಷ್ಟು ಮುಂಗಡ ಪಡೆದರು ಎಂಬುದೆಲ್ಲ, ಅದರೊಳಗೆ ಬೀಗ ಬಿದ್ದು ಕೂತಿತ್ತು. ಅಪ್ಪಯ್ಯ ಕನ್ನಡಕ ಏರಿಸಿ ಪರದೆಯನ್ನೊಮ್ಮೆ ನೋಡಿ, "ಹಳೇ ಪಟ್ಟಿಪುಸ್ತಕ ಒಲೆಗೆ ಹಾಕಬೇಡ ಅಂದಿದ್ದೆ" ಎಂದಷ್ಟೇ ಹೇಳಿ ಕೊಟ್ಟಿಗೆಗೆ ಹೋದರು.

ಅದೇ ವರ್ಷದ ಮೇ ತಿಂಗಳಲ್ಲಿ, ಹೀಗೆಯೇ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ಹುಳು ಜಗತ್ತಿನ ತುಂಬ ಹಬ್ಬಿದ್ದೂ ಕಡತ ಹಂಚಿಕೊಳ್ಳುವ 445ನೇ ಪೋರ್ಟಿನ ದಾರಿಯಲ್ಲೇ. ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ತಿದ್ದುಪಡಿ ಕೊಟ್ಟಿತ್ತು, ನಾವು ಹಾಕಿಕೊಂಡಿರಲಿಲ್ಲ. ನಮ್ಮ ರೂಟರ್ ಆ ರಾತ್ರಿ ಕರ್ತವ್ಯಲೋಪವನ್ನೇನೂ ಮಾಡಲಿಲ್ಲ. ಒಂದೇ ವೈಫೈಯಲ್ಲಿರುವ ಎರಡು ಯಂತ್ರಗಳು ಪರಸ್ಪರ ಮಾತಾಡುವಾಗ ಅದರ ಫೈರ್‌ವಾಲ್ ಮಧ್ಯೆ ಬರುವುದೇ ಇಲ್ಲ. ತೋಟದ ಸುತ್ತ ಎಷ್ಟೇ ಆಳದ ಅಗಳು ತೋಡಿದರೂ ಉಣುಗೋಲು ಸರಿಸಿ ನಾವೇ ಒಳಗೆ ಕರೆದ ನೆಂಟರನ್ನು ಅಗಳು ತಡೆಯುವುದಿಲ್ಲ. ನಿನ್ನನ್ನು ಕರೆದವರು ಯಾರು ಎಂದು ಹೊಸ್ತಿಲಲ್ಲಿ ಕೇಳಬೇಕಾಗಿದ್ದವನನ್ನು, ಒಂದು ಪ್ರಿಂಟರಿನ ಸಲುವಾಗಿ, ನಾನೇ ಮನೆಗೆ ಕಳಿಸಿಬಿಟ್ಟಿದ್ದೆ. ಫೈರ್‌ವಾಲ್ ಚಾಲೂ ಇಟ್ಟುಕೊಂಡೇ ಪ್ರಿಂಟರಿನ ತಂತ್ರಾಂಶವೊಂದಕ್ಕೆ ಮಾತ್ರ ಅನುಮತಿ ಕೊಡಬಹುದೆಂದು ತಿಳಿದದ್ದು ಆಮೇಲೆ.

ಹೊಸ್ತಿಲಿನ ಕಾವಲುಗಾರನಿಗೆ ಇನ್ನೊಂದು ತಿಳಿವಳಿಕೆಯೂ ಇದೆ: ದತ್ತಾಂಶ ಯಾವ ತಂತ್ರಾಂಶಕ್ಕೆ ಸೇರಿದ್ದೆಂದು ಅವನು ಬಲ್ಲ, ರೂಟರ್ ಅರಿಯದು. ಆಗುಂಬೆಯ ಲಾಡ್ಜಿನ ವೈಫೈಗೆ ನಿಮ್ಮ ಲ್ಯಾಪ್‌ಟಾಪ್ ಸೇರಿದಾಗ ನಿಮ್ಮ ರೂಟರ್ ಜೊತೆಗೆ ಬರುವುದಿಲ್ಲ, ಅವನು ಬರುತ್ತಾನೆ. ಅಲ್ಲಿ ನೆಟ್‌ವರ್ಕನ್ನು 'ಪಬ್ಲಿಕ್' ಎಂದೇ ಗುರುತಿಸಿ. ಆದರೆ ಅವನನ್ನೂ ವಿಪರೀತ ಹೊಗಳಬಾರದು. ವಿಂಡೋಸ್ ಫೈರ್‌ವಾಲ್ ಒಳಬರುವುದನ್ನು ತಡೆಯುತ್ತದೆಯೇ ಹೊರತು ಹೊರಹೋಗುವುದನ್ನು, ನಾವಾಗಿ ನಿಯಮ ಹಾಕದಿದ್ದರೆ, ತಡೆಯುವುದಿಲ್ಲ. ಇಮೇಲಿನಲ್ಲಿ ಬಂದ ಕಡತವನ್ನು ನೀವೇ ಒತ್ತಿದರೆ, ನಿನ್ನನ್ನು ಕರೆದವರು ಯಾರು ಎಂಬ ಪ್ರಶ್ನೆಗೆ "ಯಜಮಾನರೇ" ಎಂಬ ಉತ್ತರ ಸಿಗುತ್ತದೆ.

ಇನ್ನು ಬೇಲಿಯೇ ಎದ್ದು ಹೊಲ ಮೇಯುವ ವಿಷಯ. ಮಳೆಗಾಲದ ಮೊದಲ ಸಿಡಿಲಿಗೆ ನಮ್ಮಲ್ಲಿ ರೂಟರುಗಳು ಸುಡುವುದು ಹೊಸದಲ್ಲ. ಹೊಸ ಡಬ್ಬಿ ತಂದ ಹುಡುಗ ದೀಪ ಉರಿದೊಡನೆ ಹೊರಡುತ್ತಾನೆ, ಒಳಗಿನ ಪಾಸ್‌ವರ್ಡ್ 'ಅಡ್ಮಿನ್' ಎಂದೇ ಉಳಿಯುತ್ತದೆ. 2016ರಲ್ಲಿ ಮಿರಾಯ್ ಎಂಬ ಹುಳು ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡದ್ದು ಇಂಥ ಬದಲಿಸದ ಪಾಸ್‌ವರ್ಡುಗಳಿಂದಲೇ. ರೂಟರಿನಲ್ಲಿರುವ ಯುಪಿಎನ್‌ಪಿ ಎಂಬ ಸೌಲಭ್ಯವನ್ನೂ ಬಂದ್ ಮಾಡಿಡಿ. ಅದಿದ್ದರೆ ಒಳಗಿನ ಯಾವ ಉಪಕರಣ ಬೇಕಾದರೂ ನಿಮ್ಮನ್ನು ಕೇಳದೆ ಉಣುಗೋಲು ಸರಿಸಬಲ್ಲದು.

ಬೇಗ ಮುಗಿಸಿರೆಂದು ಕಾರ್ಯದರ್ಶಿಗಳಿಂದ ಎರಡನೇ ಚೀಟಿ ಬಂದಿದೆ. ಐಪಿವಿ6 ಎಂಬ ಹೊಸ ವಿಳಾಸ ಪದ್ಧತಿಯಲ್ಲಿ ಪ್ರತಿ ಯಂತ್ರಕ್ಕೂ ಹೊರಜಗತ್ತಿನ ವಿಳಾಸವೇ ಸಿಗುವುದರಿಂದ ಒಳವಿಳಾಸದ ಮರೆ ಅಲ್ಲಿರುವುದಿಲ್ಲ, ಆದ್ದರಿಂದ ರೂಟರಿನಲ್ಲಿ ಅದರ ಫೈರ್‌ವಾಲ್ ಚಾಲೂ ಇದೆಯೇ ಎಂದು ಬೇರೆಯಾಗಿಯೇ ನೋಡಬೇಕು. ವಿಂಡೋಸ್ ಬದಲು ಉಬುಂಟು ಬಳಸುವವರು ಅದರ ಫೈರ್‌ವಾಲ್ ಆದ ಯುಎಫ್‌ಡಬ್ಲ್ಯೂವನ್ನು ತಾವೇ ಚಾಲೂ ಮಾಡಿಕೊಳ್ಳಬೇಕು. ಹಣ ಕೊಟ್ಟು ಮೂರನೆಯ ಫೈರ್‌ವಾಲ್ ಕೊಳ್ಳುವ ಅಗತ್ಯ ಮನೆಗಳಿಗೆ ನನಗೆ ಕಂಡಿಲ್ಲ, ವಿವರಿಸಲು ಹೊತ್ತಿಲ್ಲ.

ಅಕ್ಕನ ಮಗ ಈಚೆಗೆ ಮತ್ತೆ ಬಂದಿದ್ದ. ರೂಟರಿನಲ್ಲಿ ಅತಿಥಿಗಳಿಗೆಂದೇ ಇರುವ ಬೇರೆ ವೈಫೈಯ ಪಾಸ್‌ವರ್ಡನ್ನು ಅವನಿಗೆ ಕೊಟ್ಟೆ. "ಮಾವಾ, ನನ್ನನ್ನು ಜಗುಲಿಯಲ್ಲೇ ಕೂರಿಸಿದೆಯಲ್ಲ" ಎಂದ. ಹೌದು ಮಾರಾಯ ಎಂದೆ, ಕಾಫಿ ಅಲ್ಲಿಗೇ ತರಿಸಿದೆ.