ಥೀಮ್ ಪಾರ್ಕ್‌ಗೆ ಒಬ್ಬಳೇ, ವೀಲ್‌ಚೇರ್‌ನಲ್ಲಿ

ನಮಸ್ಕಾರ. ಕ್ಯಾಮೆರಾ ಇವತ್ತು ನನ್ನ ವೀಲ್‌ಚೇರ್‌ನ ಫ್ರೇಮಿಗೆ ಕ್ಲ್ಯಾಂಪ್ ಆಗಿದೆ. ಅದಕ್ಕೇ ಜನರ ಸೊಂಟ, ಬ್ಯಾಗು, ಮಕ್ಕಳ ಮುಖ ಇವೇ ಜಾಸ್ತಿ ಕಾಣಿಸುತ್ತವೆ. ನಾನು ದಿನಾ ನೋಡುವ ಎತ್ತರ ಇದೇ. ಬಂದಿರುವುದು ಥೀಮ್ ಪಾರ್ಕ್‌ಗೆ. ಒಬ್ಬಳೇ.

ಒಬ್ಬಳೇ ಯಾಕೆ ಅಂತ ತುಂಬ ಜನ ಕೇಳಿದರು. ಕರೆದರೆ ಬರುವವರು ನನಗೆ ಇದ್ದಾರೆ. ಆದರೆ ಗುಂಪಿನಲ್ಲಿ ಬಂದಾಗ ನನಗೆ ಸಿಗುವುದು ಬ್ಯಾಗ್ ಕಾಯುವ ಕೆಲಸ. "ನೀನು ನೆರಳಲ್ಲಿ ಕೂತಿರು, ನಾವು ಒಂದು ರೌಂಡ್ ಹೋಗಿ ಬಂದುಬಿಡುತ್ತೇವೆ" ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ನನ್ನಿಂದ ಅವರಿಗೆ ತಡವಾಗಬಾರದು ಅಂತ ನಾನೂ "ಹೋಗಿ ಬನ್ನಿ" ಅನ್ನುತ್ತೇನೆ. ಬಿಟ್ಟು ಹೋದದ್ದಕ್ಕೆ ಅವರಿಗೂ ಒಳಗೊಳಗೇ ಕಸಿವಿಸಿ. ಒಬ್ಬಳೇ ಬಂದರೆ ಈ ಲೆಕ್ಕಾಚಾರ ಯಾವುದೂ ಇಲ್ಲ. ಹತ್ತುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ತೆಗೆದುಕೊಳ್ಳುತ್ತೇನೆ. ಇಷ್ಟವಾದದ್ದನ್ನು ಮತ್ತೆ ಮತ್ತೆ ಹತ್ತುತ್ತೇನೆ.

ಹೊಸದಾಗಿ ನೋಡುತ್ತಿರುವವರಿಗೆ ಒಂದು ಮಾತು. ನನ್ನ ಕಾಲುಗಳಲ್ಲಿ ಶಕ್ತಿ ಇಲ್ಲ, ಮುಟ್ಟಿದರೆ ಗೊತ್ತಾಗುವುದೂ ಕಡಿಮೆ. ಕೈಗಳು ಗಟ್ಟಿ ಇವೆ.

ಹೊರಡುವ ಮುಂಚೆ ನಾನು ಪಾರ್ಕಿನವರ ಗೈಡ್ ಓದುತ್ತೇನೆ. ದೊಡ್ಡ ಪಾರ್ಕುಗಳ ಗೈಡ್‌ನಲ್ಲಿ ರೈಡ್‌ಗಳು ಸಾಮಾನ್ಯವಾಗಿ ಮೂರು ಬಗೆ. ವೀಲ್‌ಚೇರ್‌ನಲ್ಲೇ ಕೂತು ಹೋಗಬಹುದಾದವು, ವೀಲ್‌ಚೇರ್‌ನಿಂದ ರೈಡ್‌ನ ಸೀಟಿಗೆ ಬದಲಾಗಬೇಕಾದವು, ನಡೆಯಲು ಬರಲೇಬೇಕಾದವು. ನನ್ನ ದಿನ ಹೇಗಿರುತ್ತದೆ ಅನ್ನುವುದು ಎರಡನೆಯ ಬಗೆಯ ಮೇಲೆ ನಿಂತಿದೆ. ಸೀಟು ನೆಲದಿಂದ ಎಷ್ಟು ಎತ್ತರ, ಬಾಗಿಲು ಯಾವ ಕಡೆ, ಹಿಡಿದುಕೊಳ್ಳಲು ಏನಿದೆ? ಇವನ್ನು ಗೈಡ್ ಹೇಳದಿದ್ದರೆ ಫೋನ್ ಮಾಡಿ ಕೇಳುತ್ತೇನೆ. ಅಂಗವಿಕಲರಿಗೆ ಅನುಕೂಲವಾಗಲೆಂದು ಅಮೆರಿಕ ಮಾಡಿರುವ 2010ರ ಮಾನದಂಡಗಳ ಪ್ರಕಾರ ಹೀಗೆ ಬದಲಾಗಿ ಕೂರಲೆಂದೇ ಇಟ್ಟ ಸೀಟು ನೆಲದಿಂದ 14ರಿಂದ 24 ಇಂಚು ಎತ್ತರದೊಳಗೆ ಇರಬೇಕು. 14 ಇಂಚಿನ ಸೀಟಿಗೆ ಇಳಿಯುವುದು ಸಲೀಸು. ಅಲ್ಲಿಂದ ಮೇಲೆ ಬರುವಾಗ ಭುಜ ನಡುಗುತ್ತದೆ. ನನ್ನಂಥವರಿಗೆ ಟಿಕೆಟ್ ಎಷ್ಟು ಅನ್ನುವುದಕ್ಕಿಂತ ಮುಂಚೆ ಬೇಕಾದ ಸಂಖ್ಯೆ ಇದು.

ಈಗ ಬರುವ ಭಾಗವನ್ನು ನಾನು ಎಡಿಟ್ ಮಾಡಿಲ್ಲ. ಪೂರ್ತಿ ನೋಡಿ.

ಇದು ಹಳಿಯ ಮೇಲೆ ಓಡುವ ಗಾಡಿ. ಆಪರೇಟರ್ ಹುಡುಗಿ ಬಂದು ಮೊದಲು ಕೇಳಿದ್ದು, "ನಾನು ಏನು ಮಾಡಲಿ?" ಅಂತ. ಎಷ್ಟು ಒಳ್ಳೆಯ ಪ್ರಶ್ನೆ ಅಲ್ವಾ! ತುಂಬ ಜನ ಕೇಳದೆಯೇ ಕಂಕುಳಿಗೆ ಕೈ ಹಾಕಿ ಎತ್ತಲು ಬರುತ್ತಾರೆ. ಆಗ ನನ್ನ ಬ್ಯಾಲೆನ್ಸ್ ತಪ್ಪುತ್ತದೆ. "ಗಾಡಿ ಅಲುಗಾಡದ ಹಾಗೆ ನೋಡಿಕೊಳ್ಳಿ, ನನ್ನನ್ನು ಹಿಡಿಯಬೇಡಿ" ಅಂದೆ. ಹಾಗೇ ಮಾಡಿದಳು. ನೋಡಿ, ಚೇರನ್ನು ಸ್ವಲ್ಪ ಓರೆಯಾಗಿ ನಿಲ್ಲಿಸಿ ಬ್ರೇಕ್ ಹಾಕುತ್ತೇನೆ. ಸೀಟಿನ ಅಂಚಿಗೆ ಜರುಗುತ್ತೇನೆ. ಒಂದು ಕೈ ಗಾಡಿಯ ಸೀಟಿನ ಮೇಲೆ, ಇನ್ನೊಂದು ಚೇರ್ ಮೇಲೆ. ತಲೆ ಒಂದು ಕಡೆ ಬಾಗಿದರೆ ಸೊಂಟ ಇನ್ನೊಂದು ಕಡೆ ಏಳುತ್ತದೆ. ಒಂದೇ ಸಲಕ್ಕೆ ದಾಟಬೇಕು. ಆಮೇಲೆ ಕಾಲುಗಳು. ಮಂಡಿಯ ಕೆಳಗೆ ಕೈ ಕೊಟ್ಟು ಒಂದೊಂದಾಗಿ ಒಳಗೆ ಎತ್ತಿಡುತ್ತೇನೆ. ಪಾದ ಎಲ್ಲೂ ಸಿಕ್ಕಿಕೊಂಡಿಲ್ಲ ಅಂತ ಕಣ್ಣಿಂದಲೇ ನೋಡಬೇಕು, ಸಿಕ್ಕಿಕೊಂಡರೂ ಅದು ನನಗೆ ಹೇಳುವುದಿಲ್ಲ. ಬಟ್ಟೆ ಮಡಿಕೆ ಆಗಿದೆಯಾ ಅಂತಲೂ ಸವರಿ ನೋಡುತ್ತೇನೆ. ಗೊತ್ತಾಗದ ಚರ್ಮದ ಮೇಲೆ ಒಂದು ಮಡಿಕೆ ಒತ್ತಿದರೂ ಹುಣ್ಣಾಗಬಹುದು, ಅದು ಮಾಯಲು ವಾರಗಟ್ಟಲೆ ಬೇಕು. ತೊಡೆಯ ಮೇಲೆ ಬಂದು ಕೂರುವ ಲ್ಯಾಪ್ ಬಾರ್ ಬಿಗಿಯಾಗಿದೆಯಾ ಅನ್ನುವುದನ್ನೂ ತೊಡೆ ಹೇಳುವುದಿಲ್ಲ, ಬೆರಳು ತೂರಿಸಿ ನೋಡಿದೆ.

ಇಷ್ಟೆಲ್ಲ ಆದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ನನ್ನ ಚೇರ್ ಎಲ್ಲಿರುತ್ತದೆ? ಹತ್ತುವ ಜಾಗ ಬೇರೆ, ಇಳಿಯುವ ಜಾಗ ಬೇರೆ ಇದ್ದರೆ ಯಾರಾದರೂ ಅದನ್ನು ಅಲ್ಲಿಗೆ ತರಬೇಕು. ಜೊತೆಗೆ ಮನೆಯವರಿದ್ದರೆ ಯೋಚನೆ ಇಲ್ಲ. ಒಬ್ಬಳೇ ಇದ್ದಾಗ ನನ್ನ ಕಾಲುಗಳನ್ನೇ ಬೇರೆಯವರ ಕೈಗೆ ಕೊಟ್ಟು ಹೋದ ಹಾಗೆ. ಆ ಹುಡುಗಿ ನಾನು ಕೇಳುವ ಮುಂಚೆಯೇ, "ಮೇಡಂ, ಚೇರ್ ಆ ಗೇಟಿನ ಹತ್ತಿರ ಇಟ್ಟಿರುತ್ತೇನೆ" ಅಂತ ಬೆರಳು ತೋರಿಸಿ ಹೇಳಿದಳು. ಗಾಡಿ ಹೊರಟಿತು. ಕತ್ತಲು, ತಿರುವು, ಆಮೇಲೆ ಇದ್ದಕ್ಕಿದ್ದ ಹಾಗೆ ಇಳಿಜಾರು. ಹೊಟ್ಟೆ ಬಾಯಿಗೆ ಬಂತು. ಕಿರುಚಿದೆ. ಪಕ್ಕದ ಸೀಟಿನ ಚಿಕ್ಕ ಹುಡುಗನೂ ಕಿರುಚಿದ. ಆ ಕೂಗು ನಮ್ಮಿಬ್ಬರದೂ. ಅಷ್ಟು ಖುಷಿ.

ಮುಂದಿನದು ರೋಲರ್ ಕೋಸ್ಟರ್. ಇಲ್ಲಿ ನನ್ನನ್ನು ಬಿಡಲಿಲ್ಲ.

"ಜೊತೆಗೆ ಯಾರಿದ್ದಾರೆ?" ಅಂತ ಕೇಳಿದರು. ಯಾರೂ ಇಲ್ಲ ಅಂದೆ. "ಹಾಗಾದರೆ ಆಗಲ್ಲ." ಎತ್ತರ ಕೇಳಲಿಲ್ಲ, ಬಾರ್ ಹಾಕಿ ನೋಡಲಿಲ್ಲ. ಒಬ್ಬಳೇ ಇರುವುದೇ ಕಾರಣ.

ಸುರಕ್ಷತೆಯ ನಿಯಮಗಳ ಬಗ್ಗೆ ನನಗೆ ಗೌರವ ಇದೆ, ಸುಮ್ನೆ ಹೇಳುತ್ತಿಲ್ಲ. 2011ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಪಾರ್ಕಿನಲ್ಲಿ, ಇರಾಕ್ ಯುದ್ಧದಲ್ಲಿ ಎರಡೂ ಕಾಲು ಕಳೆದುಕೊಂಡಿದ್ದ ಮಾಜಿ ಸೈನಿಕರೊಬ್ಬರು ರೋಲರ್ ಕೋಸ್ಟರ್‌ನಿಂದ ಹೊರಗೆ ಬಿದ್ದು ತೀರಿಕೊಂಡರು. ಆ ರೈಡ್‌ಗೆ ಎರಡೂ ಕಾಲು ಇರಬೇಕು ಅನ್ನುವ ನಿಯಮ ಆಗಲೇ ಇತ್ತು. ಲ್ಯಾಪ್ ಬಾರ್ ನಮ್ಮನ್ನು ಹಿಡಿದಿಡುವುದೇ ತೊಡೆಯ ಮೇಲೆ ಕೂತು. ಹಾಗಾಗಿ ಆ ನಿಯಮಕ್ಕೆ ಅರ್ಥ ಇದೆ. ಆದರೆ ಅವರು ಅಲ್ಲಿಗೆ ಒಬ್ಬರೇ ಹೋಗಿರಲಿಲ್ಲ, ಮನೆಯವರ ಜೊತೆ ಹೋಗಿದ್ದರು. ಕಾಪಾಡಬೇಕಾದದ್ದು ಸೀಟು, ಬಾರ್, ಮತ್ತೆ ನಿಯಮ ತಿಳಿದ ಆಪರೇಟರ್.

ಒಬ್ಬಳೇ ಇದ್ದರೆ ಬಿಡದಿರುವುದಕ್ಕೆ ಪಾರ್ಕಿನವರು ಹೇಳುವ ಕಾರಣ ಇನ್ನೊಂದು. ಗಾಡಿ ಮಧ್ಯದಲ್ಲಿ ನಿಂತುಬಿಟ್ಟರೆ ಹಳಿಯ ಪಕ್ಕದ ಕಿರಿದಾದ ದಾರಿಯಲ್ಲಿ, ಮೆಟ್ಟಿಲು ಇಳಿದು ಬರಬೇಕು. ನಿಜ, ನನ್ನಿಂದ ಆಗುವುದಿಲ್ಲ. ಆದರೆ ನನ್ನ ತಂಗಿ ಬಂದಿದ್ದರೆ ಅಷ್ಟು ಎತ್ತರದಿಂದ ನನ್ನನ್ನು ಎತ್ತಿಕೊಂಡು ಇಳಿಯುತ್ತಿದ್ದಳಾ? ಅವಳಿಗೆ ಆ ತರಬೇತಿ ಯಾರು ಕೊಟ್ಟಿದ್ದಾರೆ? ನನ್ನಂಥವರನ್ನು ಕೆಳಗೆ ಇಳಿಸುವ ವ್ಯವಸ್ಥೆ, ತರಬೇತಿ ಪಡೆದ ಸಿಬ್ಬಂದಿ ಪಾರ್ಕಿನಲ್ಲಿ ಇದ್ದರೆ ನಾನು ಒಬ್ಬಳೇ ಇದ್ದರೂ ಆಗುತ್ತದೆ. ಇಲ್ಲದಿದ್ದರೆ ಹತ್ತು ಜನ ಜೊತೆಗಿದ್ದರೂ ಆಗುವುದಿಲ್ಲ. ಅಮೆರಿಕದ ಅಂಗವಿಕಲರ ಕಾಯ್ದೆಯ ನಿಯಮಗಳಲ್ಲಿ ಈ ಮಾತು ಸ್ಪಷ್ಟವಾಗಿದೆ. ಸುರಕ್ಷತೆಯ ಷರತ್ತು ನಿಜವಾದ ಅಪಾಯವನ್ನು ನೋಡಿ ಹಾಕಿದ್ದಾಗಿರಬೇಕು, ಅಂಗವಿಕಲರ ಬಗ್ಗೆ ಇರುವ ಊಹೆ, ಪೂರ್ವಗ್ರಹ ನೋಡಿ ಹಾಕಬಾರದು. ಎಲ್ಲ ಕಡೆ ಇದೇ ಅಳತೆ ಇರಬೇಕು ಅನ್ನುವುದು ನನ್ನ ಆಸೆ.

ಕ್ಯೂ ಬಗ್ಗೆ ಚಿಕ್ಕದಾಗಿ. ವೀಲ್‌ಚೇರ್ ಇದ್ದರೆ ಕಾಯಬೇಕಾಗಿಲ್ಲ ಅಂತ ಹಲವರು ಅಂದುಕೊಂಡಿದ್ದಾರೆ. ಅಂಗವಿಕಲರಿಗೆಂದು ಡಿಸ್ನಿ ಪಾರ್ಕುಗಳು ಕೊಡುವ ಪಾಸ್‌ನಂಥ ಏರ್ಪಾಡಿನಲ್ಲೂ ಕ್ಯೂ ಎಷ್ಟಿದೆಯೋ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಹೊರಗೆ ಕಾದು, ಕೊಟ್ಟ ಸಮಯಕ್ಕೆ ವಾಪಸ್ ಬರಬೇಕು. 2024ರಲ್ಲಿ ಅಮೆರಿಕದ ತನ್ನ ಪಾರ್ಕುಗಳಲ್ಲಿ ಡಿಸ್ನಿ ಅದನ್ನೂ ಮುಖ್ಯವಾಗಿ ಆಟಿಸಂನಂಥ ತೊಂದರೆ ಇರುವವರಿಗೆ ಸೀಮಿತ ಮಾಡಿತು. ನನಗೆ ಕಾಯುವುದು ಕಷ್ಟ ಅಲ್ಲ. ಕ್ಯೂ ಅಗಲವಾಗಿದ್ದು, ಮಧ್ಯೆ ಮೆಟ್ಟಿಲು ಇಲ್ಲದಿದ್ದರೆ ಎಲ್ಲರ ಜೊತೆಯೇ ನಿಲ್ಲುತ್ತೇನೆ.

ಬೇರೆ ಥರ ಕಟ್ಟಬಹುದು ಅನ್ನುವುದಕ್ಕೆ ಸಾಕ್ಷಿ ಇದೆ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ 2010ರಲ್ಲಿ ಮಾರ್ಗನ್ಸ್ ವಂಡರ್‌ಲ್ಯಾಂಡ್ ಅನ್ನುವ ಪಾರ್ಕ್ ಶುರುವಾಯಿತು. ಗಾರ್ಡನ್ ಹಾರ್ಟ್‌ಮನ್ ಅನ್ನುವವರು ತಮ್ಮ ಮಗಳು ಮಾರ್ಗನ್ ಹೆಸರಿನಲ್ಲಿ ಕಟ್ಟಿಸಿದ್ದು. ಅಲ್ಲಿ ಅಂಗವಿಕಲರಿಗೆ ಪ್ರವೇಶ ಉಚಿತ. ವೀಲ್‌ಚೇರ್ ಸಮೇತ ಹತ್ತುವ ಉಯ್ಯಾಲೆ ಇದೆ. 2017ರಲ್ಲಿ ಪಕ್ಕದಲ್ಲೇ ನೀರಿನ ಪಾರ್ಕ್ ಬಂತು. ಬ್ಯಾಟರಿ ಚೇರ್ ನೀರಿಗೆ ಇಳಿಸುವ ಹಾಗಿಲ್ಲವಲ್ಲ, ಅದಕ್ಕೆ ಒತ್ತಿ ತುಂಬಿದ ಗಾಳಿಯಿಂದ ಓಡುವ ವೀಲ್‌ಚೇರ್‌ಗಳನ್ನು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಜೊತೆ ಸೇರಿ ತಯಾರಿಸಿದರು. ಅಲ್ಲಿಗೆ ಹೋಗುವ ಆಸೆ ನನಗೆ ತುಂಬ ಇದೆ.

ಉಳಿದ ಮಧ್ಯಾಹ್ನ ಆ ಹಳಿ ಗಾಡಿಯನ್ನೇ ಮತ್ತೆ ಮತ್ತೆ ಹತ್ತಿದೆ. ಸಂಜೆ ಹೊರಡುವ ಮುಂಚೆ ಗೆಸ್ಟ್ ಕೌಂಟರ್‌ನಲ್ಲಿ ಒಂದು ಪತ್ರ ಕೊಟ್ಟೆ. ಆಪರೇಟರ್ ಹುಡುಗಿಯನ್ನು ಮೆಚ್ಚಿ ಒಂದು ಪ್ಯಾರಾ, ಅದು ಅವಳಿಗೆ ತಲುಪಬೇಕು ಅಂತ ಕೇಳಿದ್ದೇನೆ. ಆಮೇಲೆ ಎರಡು ಬೇಡಿಕೆ: ಪ್ರತಿ ರೈಡ್‌ನ ಸೀಟಿನ ಎತ್ತರ, ಬಾಗಿಲಿನ ಕಡೆ ಎರಡನ್ನೂ ಗೈಡ್‌ನಲ್ಲಿ ಹಾಕಿ. ಕೋಸ್ಟರ್ ನಿಂತುಹೋದಾಗ ನಡೆಯಲಾಗದವರನ್ನು ನಿಮ್ಮ ಸಿಬ್ಬಂದಿ ಹೇಗೆ ಇಳಿಸುತ್ತಾರೆ ಅಂತ ಬರವಣಿಗೆಯಲ್ಲಿ ತಿಳಿಸಿ. ಪತ್ರ ತಲುಪಿದ್ದಕ್ಕೆ ಸೀಲ್ ಹಾಕಿಸಿಕೊಂಡಿದ್ದೇನೆ. ಉತ್ತರ ಬಂದ ತಕ್ಷಣ ಇಲ್ಲೇ ಓದಿ ಹೇಳುತ್ತೇನೆ.