ಮೂರು ಗುಳಿಯ ಕೇಕ್

ಕೇಳುಗರಿಗೆ ನಮಸ್ಕಾರ.

ಜುಲೈ ತಿಂಗಳಲ್ಲಿ ಮಂಗಳೂರಿನ ಮಕ್ಕಳು ಹಾಸಿಗೆಯಿಂದ ಏಳುವ ಮೊದಲೇ ಕೇಳುವ ಪ್ರಶ್ನೆ ಒಂದೇ. ‘ಡಿಸಿ ರಜೆ ಕೊಟ್ಟರೇ?’ ಕಳೆದ ಮಳೆಗಾಲದಲ್ಲಿ ಅಂಥದೊಂದು ದಿನ ನಾನು ಮಗಳ ಮನೆಯಲ್ಲಿದ್ದೆ. ರಾತ್ರಿಯಿಡೀ ತಗಡಿನ ಮಾಡಿನ ಮೇಲೆ ಮಳೆ ಬಡಿದಿತ್ತು. ಬೆಳಗ್ಗೆ ಆರೂವರೆಗೆ ಮೊಬೈಲಿನಲ್ಲಿ ರಜೆಯ ಸುದ್ದಿ ಬಂತು. ಮಗಳು, ಅಳಿಯ ಇಬ್ಬರಿಗೂ ಕಚೇರಿಯವರು ರಜೆ ಕೊಡಲಿಲ್ಲ. ಅವರು ಕೊಡೆ ಹಿಡಿದು ಹೊರಟರು. ಒಂಬತ್ತು ವರ್ಷದ ಮೊಮ್ಮಗಳು, ಐದು ವರ್ಷದ ಮೊಮ್ಮಗ ನನ್ನ ಪಾಲಿಗೆ ಬಿದ್ದರು.

ಹತ್ತು ಗಂಟೆಯ ಹೊತ್ತಿಗೆ ಕೇರಂ ಆಟ ಜಗಳದಲ್ಲಿ ಮುಗಿದಿತ್ತು. ರಾಣಿ ಎಲ್ಲಿ ಹೋಯಿತೆಂದು ಇಂದಿಗೂ ಗೊತ್ತಾಗಿಲ್ಲ. ಕರೆಂಟು ಹೋಯಿತು, ಟಿವಿ ನಿಂತಿತು. ಆಗ ದೊಡ್ಡವಳು ಬಂದು, ‘ಅಜ್ಜಿ, ಚಾಕೊಲೇಟ್ ಕೇಕ್ ಮಾಡೋಣ’ ಎಂದಳು. ‘ಕರೆಂಟಿಲ್ಲದೆ ಓವನ್ ಹೇಗೆ ಉರಿಯುತ್ತದೆ?’ ಎಂದೆ. ‘ಕುಕ್ಕರ್ ಇದೆಯಲ್ಲ’ ಎಂದಳು. ಎರಡು ವರ್ಷದ ಹಿಂದೆ ನಾನೇ ಅವಳಿಗೆ ಕುಕ್ಕರಿನಲ್ಲಿ ಕೇಕ್ ಮಾಡಿ ತೋರಿಸಿದ್ದೆ. ಅದನ್ನು ನೆನಪಿಸದಿದ್ದರೆ ಚೆನ್ನಾಗಿತ್ತು.

ಆ ಕೇಕಿನ ಕಥೆ ಮೊದಲು ಹೇಳಿಬಿಡುತ್ತೇನೆ. ಅವತ್ತು ಮಗುವನ್ನು ಅಡುಗೆ ಕಟ್ಟೆಯ ಪಕ್ಕ ಸ್ಟೂಲಿನ ಮೇಲೆ ನಿಲ್ಲಿಸಿ, ಎಲ್ಲವನ್ನೂ ನಾನೇ ಮಾಡಿದೆ. ಹಿಟ್ಟು ಚೆಲ್ಲೀತು, ಎಣ್ಣೆ ಜಾಸ್ತಿಯಾದೀತು ಎಂದು ಅವಳ ಕೈಗೆ ಏನನ್ನೂ ಕೊಡಲಿಲ್ಲ. ನಲವತ್ತು ವರ್ಷ ಸಾರು, ಹುಳಿ ಮಾಡಿದ ಕೈ ನನ್ನದು. ಉಪ್ಪು ಹಾಕುವಾಗ ಅಳತೆ ನೋಡಿದವಳಲ್ಲ. ಅದೇ ಧೈರ್ಯದಲ್ಲಿ ಅಡುಗೆ ಸೋಡಾವನ್ನೂ ಚಮಚದ ತುಂಬ, ಮೇಲೆ ಗೋಪುರ ಬರುವಂತೆ ಹಾಕಿದೆ. ಕೇಕ್ ಭರ್ಜರಿಯಾಗಿ ಉಬ್ಬಿತು. ಬಾಯಿಗಿಟ್ಟರೆ ಸಾಬೂನು! ಸಾರಿನಲ್ಲಿ ಉಪ್ಪು ಹೆಚ್ಚಾದರೆ ನೀರು ಹಾಕಿ ಸರಿಮಾಡಬಹುದು, ಕೇಕಿಗೆ ಆ ದಾರಿಯಿಲ್ಲ. ಸೋಡಾ ಬಿಸಿಗೆ ಒಡೆದಾಗ ಉಳಿಯುವುದು ಸೋಡಿಯಂ ಕಾರ್ಬೊನೇಟ್, ಎಂದರೆ ನಮ್ಮ ತಾಯಂದಿರು ಬಟ್ಟೆ ಕುದಿಸುವಾಗ ಹಾಕುತ್ತಿದ್ದ ವಾಷಿಂಗ್ ಸೋಡಾ. ಸಾಬೂನಿನ ರುಚಿ ಸುಮ್ಮನೆ ಬರಲಿಲ್ಲ.

ಹಾಗಾಗಿ ಈ ಸಲ ನನ್ನ ಎರಡು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವುದೆಂದು ತೀರ್ಮಾನಿಸಿದೆ. ಬೆಂಕಿಯ ಕೆಲಸ ಮಾತ್ರ ನನ್ನದು, ಉಳಿದದ್ದೆಲ್ಲ ಅವರದು. ಹೇಳುವುದು ಸುಲಭ. ಜರಡಿಯಿಂದ ಮೈದಾ ನೆಲಕ್ಕೆ ಸುರಿಯುವುದನ್ನು ನೋಡಿಕೊಂಡು ಸುಮ್ಮನಿರುವುದಕ್ಕಿಂತ ಏಕಾದಶಿ ಉಪವಾಸ ಸುಲಭ.

ಮನೆಯಲ್ಲಿ ಮೊಟ್ಟೆಯಿರಲಿಲ್ಲ, ಬೆಣ್ಣೆಯೂ ಇರಲಿಲ್ಲ, ಹಾಲು ಕಾಫಿಗೆ ಬೇಕಿತ್ತು. ಈ ಮೂರೂ ಇಲ್ಲದೆ ಆಗುವ ಒಂದು ಚಾಕೊಲೇಟ್ ಕೇಕ್ ಇದೆ. ಅಮೆರಿಕದ ಮನೆಗಳಲ್ಲಿ ಕಷ್ಟಕಾಲದಲ್ಲಿ ಬಳಕೆಗೆ ಬಂದದ್ದು ಎನ್ನುತ್ತಾರೆ. ಅಲ್ಲಿ ಅದಕ್ಕೆ ವ್ಯಾಕಿ ಕೇಕ್ ಎಂದು ಹೆಸರು. ನಮ್ಮ ಮಾತಿನಲ್ಲಿ ಹುಚ್ಚು ಕೇಕ್ ಎನ್ನಬಹುದು. ಅದಕ್ಕೆ ಬೇಕಾದದ್ದನ್ನು ಹೇಳುತ್ತೇನೆ, ಪೆನ್ನು ಇದ್ದರೆ ಬರೆದುಕೊಳ್ಳಿ. ಒಂದೂವರೆ ಕಪ್ ಮೈದಾ, ತೂಕದಲ್ಲಿ ಸುಮಾರು 190 ಗ್ರಾಂ. ಒಂದು ಕಪ್ ಸಕ್ಕರೆ, 200 ಗ್ರಾಂ. ದೊಡ್ಡ ಚಮಚದಲ್ಲಿ ನಾಲ್ಕು ಚಮಚ ಕೋಕೋ ಪುಡಿ. ಒಂದು ಟೀ ಚಮಚ ಅಡುಗೆ ಸೋಡಾ, ಅರ್ಧ ಟೀ ಚಮಚ ಉಪ್ಪು. ಇವು ಒಣ ಸಾಮಾನು. ಹಸಿಯದಾಗಿ ದೊಡ್ಡ ಚಮಚದಲ್ಲಿ ಐದು ಚಮಚ ವಾಸನೆಯಿಲ್ಲದ ಎಣ್ಣೆ, ಒಂದು ನಿಂಬೆಹಣ್ಣಿನ ರಸ, ಒಂದು ಟೀ ಚಮಚ ವೆನಿಲ್ಲಾ ಎಸೆನ್ಸ್, ಒಂದು ಕಪ್ ನೀರು. ಅಮೆರಿಕದವರು ನಿಂಬೆಯ ಬದಲು ವಿನೆಗರ್ ಹಾಕುತ್ತಾರೆ. ನಮ್ಮ ಮನೆಯಲ್ಲಿ ವಿನೆಗರ್ ಇದ್ದದ್ದು ಸ್ನಾನದ ಮನೆಯ ನಲ್ಲಿ ಉಜ್ಜುವುದಕ್ಕೆ.

ಸೋಡಾ ಅಳೆಯುವ ಕೆಲಸ ದೊಡ್ಡವಳದು. ಅವಳು ಚಮಚದಲ್ಲಿ ತುಂಬಿ ತೆಗೆದಳು, ಚಾಕುವಿನ ಬೆನ್ನಿನಿಂದ ಅಂಚಿನುದ್ದಕ್ಕೂ ಸವರಿದಳು, ಮಿಕ್ಕದ್ದು ಡಬ್ಬಿಗೆ ಬಿತ್ತು. ಚಮಚವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ನನ್ನ ಕಡೆ ತಿರುಗಿ, ‘ನೀನು ಆವತ್ತು ಹೀಗೆ ಮಾಡಲಿಲ್ಲ’ ಎಂದಳು. ಏಳನೇ ವರ್ಷದಲ್ಲಿ ತಿಂದ ಸಾಬೂನು ಮಕ್ಕಳಿಗೆ ಮರೆಯುವುದಿಲ್ಲ.

ಚಿಕ್ಕವನ ಕಣ್ಣು ಕೋಕೋ ಡಬ್ಬಿಯ ಮೇಲಿತ್ತು. ವಾಸನೆ ಚಾಕೊಲೇಟಿನದೇ, ಬಣ್ಣವೂ ಅದೇ. ನಾನು ಆಚೆ ತಿರುಗಿದಾಗ ಬೆರಳು ಅದ್ದಿ ಬಾಯಿಗೆ ಹಾಕಿಕೊಂಡ. ಮುಖ ನೋಡಬೇಕಿತ್ತು. ಕಣ್ಣು ಮುಚ್ಚಿದ, ನಾಲಿಗೆ ಚಾಚಿದ, ನನ್ನ ಸೆರಗಿಗೆ ಒರೆಸಿದ. ‘ಅಜ್ಜಿ, ಇದು ಕಷಾಯದ ಪುಡಿ!’ ಅವನಿಗೆ ಅದು ಮೋಸ ಎನಿಸಿತು. ಸಕ್ಕರೆ ಬೆರೆಸಿ ಮತ್ತೊಂದು ಚಿಟಿಕೆ ಕೊಟ್ಟೆ, ಆಗ ನಂಬಿದ. ಹಿಟ್ಟು ಸೇರಿದ ಮೇಲೆ ಮಾತ್ರ ನೆಕ್ಕಲು ಬಿಡಬೇಡಿ. ಮೊಟ್ಟೆ ಇಲ್ಲದಿದ್ದರೂ ಹಸಿ ಮೈದಾ ಹೊಟ್ಟೆಗೆ ಒಳ್ಳೆಯದಲ್ಲ.

ನನಗೆ ಆ ಕಹಿ ಹಳೆಯ ಪರಿಚಯ. ನನ್ನ ತವರು ಪುತ್ತೂರಿನ ಕಡೆ. ಅಡಿಕೆ ತೋಟದ ನೆರಳಿನಲ್ಲಿ ಕೋಕೋ ಗಿಡಗಳು, ನಮ್ಮವರ ಬಾಯಲ್ಲಿ ಕೊಕ್ಕೋ. ಕಾಂಡಕ್ಕೇ ಅಂಟಿಕೊಂಡು ಕಾಯಿ ತೂಗುತ್ತದೆ, ಹಣ್ಣಾದರೆ ಹಳದಿ. ಕಲ್ಲಿಗೆ ಬಡಿದು ಒಡೆದರೆ ಒಳಗೆ ಬಿಳಿ ತೊಳೆ ಸುತ್ತಿದ ಬೀಜಗಳ ಗೊನೆ. ತೊಳೆ ಸಿಹಿಹುಳಿ, ಜಾರುತ್ತದೆ, ಸೀತಾಫಲದ ಹಾಗೆ ಚೀಪಬೇಕು. ಬೀಜ ಕಚ್ಚಿದರೆ ನೇರಳೆ ಬಣ್ಣ, ವಿಪರೀತ ಕಹಿ. ಅಳಿಲುಗಳಿಗೂ ಇದು ಗೊತ್ತು, ಕಾಯಿಗೆ ತೂತು ಕೊರೆದು ತೊಳೆ ತಿಂದು ಬೀಜ ಬಿಟ್ಟು ಹೋಗುತ್ತವೆ. ನಾವು ಮಕ್ಕಳು ಚೀಪಿದ ಬೀಜವನ್ನು ಉಗುಳಬೇಕಾದದ್ದು ಬುಟ್ಟಿಗೆ. ಅಂಗಳಕ್ಕೆ ಉಗುಳಿದರೆ ಅಮ್ಮ ಬೈಯುತ್ತಿದ್ದರು, ಅದು ಮಾರುವ ಸಾಮಾನು. ಆ ಬೀಜ ಎಲ್ಲಿಗೆ ಹೋಗುತ್ತದೆ, ಏನಾಗುತ್ತದೆ ಎಂದು ನಾವು ಕೇಳಿದವರಲ್ಲ. ಚಾಕೊಲೇಟ್ ಎಂದರೆ ನಮಗೆ ಪೇಟೆಯಿಂದ ಬರುವ ಬಣ್ಣದ ಕಾಗದದ ವಸ್ತು.

ಎಂಬತ್ತರ ದಶಕದ ಆರಂಭದಲ್ಲಿ ಕೊಕ್ಕೋ ಬೆಲೆ ಬಿದ್ದು, ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗಾಲಾದದ್ದು ನೆನಪಿದೆ. ಗಿಡ ಕಡಿದವರೂ ಇದ್ದರು. ಆಗ ಕೈ ಹಿಡಿದದ್ದು 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ್ದ ಸಹಕಾರಿ ಸಂಸ್ಥೆ ಕ್ಯಾಂಪ್ಕೋ. ಅದು ಕೊಕ್ಕೋ ಕೊಳ್ಳತೊಡಗಿತು, 1986ರಲ್ಲಿ ಪುತ್ತೂರಿನಲ್ಲೇ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಬೀಜವನ್ನು ಹಾಗೇ ಒಣಗಿಸಿದರೆ ಚಾಕೊಲೇಟಿನ ಪರಿಮಳ ಬರುವುದಿಲ್ಲ. ತೊಳೆಯ ಸಮೇತ ರಾಶಿ ಹಾಕಿ, ನಡುನಡುವೆ ತಿರುವುತ್ತ ಐದಾರು ದಿನ ಹುಳಿಯಲು ಬಿಡಬೇಕು, ಆಮೇಲೆ ಒಣಗಿಸಿ ಹುರಿಯಬೇಕು. ಹುರಿದು ಅರೆದಾಗ ಅರ್ಧದಷ್ಟು ಕೊಬ್ಬು. ಆ ಕೊಬ್ಬನ್ನು ಹಿಂಡಿ ತೆಗೆದು, ಉಳಿದ ಹಿಂಡಿಯನ್ನು ಪುಡಿ ಮಾಡುವ ಉಪಾಯಕ್ಕೆ ಹಾಲೆಂಡಿನ ವಾನ್ ಹೂಟನ್ ಮನೆತನದವರು 1828ರಲ್ಲಿ ಹಕ್ಕುಪತ್ರ ಪಡೆದರು. ನಮ್ಮ ಅಡುಗೆಮನೆಯ ಕೋಕೋ ಡಬ್ಬಿ ಅಲ್ಲಿಂದ ಬಂದದ್ದು. ಎಳ್ಳು ಗಾಣಕ್ಕೆ ಹಾಕಿದರೆ ಎಣ್ಣೆ ಒಂದು ಕಡೆ, ಹಿಂಡಿ ಒಂದು ಕಡೆ ಬರುವುದಿಲ್ಲವೇ, ಹಾಗೆ.

ಅಂಗಡಿಯಲ್ಲಿ ಕೋಕೋ ಪುಡಿ ಕೇಳಿದರೆ ಕೆಲವರು ಹಾಲಿಗೆ ಹಾಕಿ ಕುಡಿಯುವ ಚಾಕೊಲೇಟ್ ಪುಡಿಯನ್ನು ಕೊಟ್ಟುಬಿಡುತ್ತಾರೆ. ಅದರಲ್ಲಿ ಸಕ್ಕರೆಯೇ ಹೆಚ್ಚು. ಕೇಕ್ ಸಪ್ಪೆ ಕಂದು ಬಣ್ಣಕ್ಕೆ ತಿರುಗಿ, ಸಿಹಿ ಮಾತ್ರ ವಾಕರಿಕೆ ಬರುವಷ್ಟಾಗುತ್ತದೆ. ನಾಲಿಗೆಗೆ ಹಚ್ಚಿ ನೋಡಿ. ನನ್ನ ಮೊಮ್ಮಗನ ಹಾಗೆ ಮುಖ ಮಾಡಿದಿರಾದರೆ ಪುಡಿ ಸರಿಯಾದದ್ದೇ.

ಹಿಟ್ಟು ಕಲಸುವ ಮೊದಲೇ ಕುಕ್ಕರ್ ಕಾಯಲು ಇಡಬೇಕು. ಅನ್ನ ಮಾಡುವ ಕುಕ್ಕರನ್ನು ಇದಕ್ಕೆ ಬಳಸಬೇಡಿ, ನೀರಿಲ್ಲದೆ ಕಾದರೆ ತಳ ಹಾಳಾಗುತ್ತದೆ. ಮೂಲೆ ಸೇರಿದ ಹಳೆಯ ದಪ್ಪ ತಳದ್ದೊಂದು ಎಲ್ಲರ ಮನೆಯಲ್ಲೂ ಇರುತ್ತದೆ. ತಳದಲ್ಲಿ ಒಂದಿಂಚು ಕಲ್ಲುಪ್ಪು ಹರಡಿ, ಮೇಲೊಂದು ಪುಟ್ಟ ಸ್ಟ್ಯಾಂಡ್ ಇಡಿ. ಮುಚ್ಚಳದ ರಬ್ಬರ್ ತೆಗೆಯಿರಿ, ಸೀಟಿ ತೆಗೆಯಿರಿ. ಈ ಎರಡನ್ನು ಎರಡು ಸಲ ನೋಡಿಕೊಳ್ಳಿ, ಒಳಗೆ ಒತ್ತಡ ಕೂಡಬಾರದು. ಮುಚ್ಚಿ, ಮಧ್ಯಮ ಉರಿಯಲ್ಲಿ ಹತ್ತು ನಿಮಿಷ. ಕೇಕಿನ ಪಾತ್ರೆಗೆ ಎಣ್ಣೆ ಸವರಿ, ತಳಕ್ಕೆ ಬೆಣ್ಣೆ ಕಾಗದ ಕತ್ತರಿಸಿ ಹಾಕಿ. ನಾವು ಕಾಗದ ಮರೆತೆವು. ಆಮೇಲೆ ಅನುಭವಿಸಿದೆವು.

ಈಗ ಗುಳಿಗಳು. ಒಣ ಸಾಮಾನೆಲ್ಲ ಜರಡಿ ಹಿಡಿದು ಅಗಲದ ಬೋಗುಣಿಗೆ ಬಿದ್ದ ಮೇಲೆ, ಮಟ್ಟಸ ಮಾಡಿ ಅದರಲ್ಲಿ ಮೂರು ಗುಳಿ ತೋಡಬೇಕು, ಒಂದು ದೊಡ್ಡದು, ಎರಡು ಚಿಕ್ಕವು. ಚಿಕ್ಕವನು ಮೂರು ಬೆರಳಲ್ಲಿ ತೋಡಿದ, ನಮ್ಮ ಚೆನ್ನೆಮಣೆಯ ಗುಳಿಗಳ ಹಾಗೆ ಬಂತು. ದೊಡ್ಡದಕ್ಕೆ ಎಣ್ಣೆ, ಚಿಕ್ಕದೊಂದಕ್ಕೆ ವೆನಿಲ್ಲಾ. ಮೂರನೆಯದಕ್ಕೆ ನಿಂಬೆರಸ ಹಿಂಡುವ ಕೆಲಸಕ್ಕೆ ಇಬ್ಬರೂ ಜಗಳಾಡಿದರು. ಆಳಿಗೆ ಅರ್ಧರ್ಧ ಹೋಳು ಕೊಟ್ಟೆ, ಬೀಜ ಬೀಳದಂತೆ ಕೆಳಗೆ ಟೀ ಜಾಲರಿ ಹಿಡಿದೆ. ರಸ ಬಿದ್ದದ್ದೇ ತಡ, ಗುಳಿಯೊಳಗೆ ಬುರಬುರ ನೊರೆ. ಕಂದು ಗುಳ್ಳೆಗಳು ಉಬ್ಬಿ ಅಂಚು ಒಡೆದು ಎಣ್ಣೆಯ ಗುಳಿಗೆ ಹರಿದವು. ಹೊರಗೆ ಮಳೆ ಒಂದಿಷ್ಟು ತಗ್ಗಿತ್ತು. ಚಿಕ್ಕವನು ಬೋಗುಣಿಗೆ ಕಿವಿ ಇಟ್ಟು, ಕೈಯೆತ್ತಿ ನಮ್ಮಿಬ್ಬರನ್ನೂ ಸುಮ್ಮನಾಗಿಸಿದ. ‘ಮಾತಾಡುತ್ತಿದೆ’ ಎಂದ. ಎದ್ದಾಗ ಕಿವಿಯ ಹಾಲೆಗೆಲ್ಲ ಕೋಕೋ.

ಸೋಡಾಕ್ಕೆ ಹುಳಿ ತಗುಲಿದರೆ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ, ಆ ಗುಳ್ಳೆಗಳೇ ಕೇಕನ್ನು ಎತ್ತುವುದು ಎಂದು ದೊಡ್ಡವಳಿಗೆ ಹೇಳಿದೆ. ‘ಗೋಲಿ ಸೋಡಾದಲ್ಲಿ ಇರುವುದೇ?’ ಎಂದು ಕೇಳಿದಳು. ಅದೇ. ಅಲ್ಲಿಂದ ಮುಂದೆ ಕೈ ಚುರುಕಾಗಬೇಕು, ಗುಳ್ಳೆ ಹಾರಿಹೋಗುವ ಮುಂಚೆ ಹಿಟ್ಟು ಒಲೆ ಸೇರಬೇಕು. ಮೇಲಿಂದ ನೀರು ಸುರಿದು ಕಲಸಿ. ಮಕ್ಕಳಿಗೆ ಕಲಸುವುದೆಂದರೆ ನಿಲ್ಲಿಸಲಾಗದ ಹುಚ್ಚು. ಆದರೆ ಹೆಚ್ಚು ತಿರುವಿದಷ್ಟೂ ಮೈದಾ ನಾರುಗಟ್ಟಿ ಕೇಕ್ ರಬ್ಬರ್ ಆಗುತ್ತದೆ. ಪರೋಟಾಕ್ಕೆ ಬೇಕಾದ ಗುಣ ಇಲ್ಲಿ ಬೇಡ. ‘ಆಳಿಗೆ ಇಪ್ಪತ್ತು ಸುತ್ತು, ಎಣಿಸಿ’ ಎಂದೆ. ಚಿಕ್ಕವನಿಗೆ ಹದಿನಾಲ್ಕರ ಮುಂದೆ ಹದಿನಾರು ಬರುತ್ತದೆ, ಅದು ಒಳ್ಳೆಯದೇ ಆಯಿತು. ಅಲ್ಲಲ್ಲಿ ಪುಟ್ಟ ಗಂಟು ಉಳಿದರೆ ಉಳಿಯಲಿ.

ಪಾತ್ರೆಯನ್ನು ಕುಕ್ಕರಿನೊಳಗೆ ಇಳಿಸಿದ್ದು ನಾನು. ಉರಿ ಸಣ್ಣದು, ಸುಮಾರು ನಲವತ್ತೈದು ನಿಮಿಷ. ಓವನ್ ಇರುವವರು 180 ಡಿಗ್ರಿಯಲ್ಲಿ ಮೂವತ್ತರಿಂದ ಮೂವತ್ತೈದು ನಿಮಿಷ ಇಟ್ಟರೆ ಸಾಕು. ಮೊದಲ ಅರ್ಧ ಗಂಟೆ ಮುಚ್ಚಳ ತೆಗೆಯಬಾರದು, ಒಳಗಿನ ಹಿಟ್ಟು ಇನ್ನೂ ಗಟ್ಟಿಯಾಗಿರುವುದಿಲ್ಲ, ತಣ್ಣನೆ ಗಾಳಿ ತಗುಲಿದರೆ ನಡುವೆ ಕುಸಿಯುತ್ತದೆ. ಇದನ್ನು ಮಕ್ಕಳಿಗೆ ವಿವರಿಸಿದೆ. ಅವರು ಅರ್ಥವಾಯಿತೆಂದು ತಲೆಯಾಡಿಸಿ, ಐದು ನಿಮಿಷಕ್ಕೊಮ್ಮೆ ಬಂದು ‘ಸ್ವಲ್ಪವೇ ತೆಗೆಯೋಣ’ ಎಂದರು. ಚೆಲ್ಲಿದ ಹಿಟ್ಟು ಒರೆಸುವ ಕೆಲಸ ಕೊಟ್ಟೆ. ಒರೆಸಿದ ಮೇಲೆ ನೆಲ ಮೊದಲಿಗಿಂತ ಬೆಳ್ಳಗಾಯಿತು.

ಇಪ್ಪತ್ತೈದನೆಯ ನಿಮಿಷಕ್ಕೆ ವಾಸನೆ ಬಂತು. ಮೊದಲು ಅಡುಗೆಮನೆ, ಆಮೇಲೆ ಪಡಸಾಲೆ. ಒದ್ದೆ ಬಟ್ಟೆ ಹರಡಿದ ಮನೆಯಲ್ಲಿ ವಾರದಿಂದ ಕವಿದಿದ್ದ ಮುಗ್ಗಲು ವಾಸನೆ ಎಲ್ಲಿ ಹೋಯಿತೋ. ಪಕ್ಕದ ಮನೆಯವರು ಕಿಟಕಿಯಿಂದ ‘ಏನು ವಿಶೇಷ?’ ಎಂದು ಕೇಳಿದರು.

ನಲವತ್ತು ನಿಮಿಷಕ್ಕೆ ತೊಳೆದ ತೆಂಗಿನ ಕಡ್ಡಿ ಚುಚ್ಚಿ ನೋಡಿದೆ, ತುದಿಯಲ್ಲಿ ಹಿಟ್ಟು ಹತ್ತಿತು. ಮತ್ತೆ ಎಂಟು ನಿಮಿಷ. ಎರಡನೆಯ ಸಲ ಕಡ್ಡಿ ಒಣಗಿ ಬಂತು. ಮೇಲೆ ಒಂದು ದೊಡ್ಡ ಬಿರುಕು, ಒಂದು ಕಡೆ ಎತ್ತರ, ಒಂದು ಕಡೆ ತಗ್ಗು. ಒಲೆಯ ಕಟ್ಟೆ ವಾಲಿದೆಯೆಂದು ಅವತ್ತು ಗೊತ್ತಾಯಿತು. ಆರುವ ತನಕ ಕಾಯದೆ ಬೋರಲು ಹಾಕಿದ್ದಕ್ಕೆ, ಕಾಗದವೂ ಇಲ್ಲದ್ದಕ್ಕೆ, ಕಾಲು ಭಾಗ ಪಾತ್ರೆಯ ತಳದಲ್ಲೇ ಕುಳಿತಿತು. ದೊಡ್ಡವಳ ಕಣ್ಣಲ್ಲಿ ನೀರು. ಬೇಕರಿಯ ಕ್ರೀಮು, ಗುಲಾಬಿ ಹೂವು ಅವಳ ಮನಸ್ಸಿನಲ್ಲಿತ್ತು. ತಳದ ತುಂಡನ್ನು ಕೆರೆದು ತೆಗೆದು ಹಳ್ಳದೊಳಗೆ ಒತ್ತಿದೆವು, ಟೀ ಜಾಲರಿಯಿಂದ ಸಕ್ಕರೆ ಪುಡಿ ಉದುರಿಸಿದೆವು. ಬಿರುಕು ಮುಚ್ಚಿತು. ತಿಂದದ್ದು ಬಿಸಿಬಿಸಿಯಾಗಿ, ಚಮಚದಲ್ಲಿ. ಸಾಬೂನಿನ ಸುಳಿವಿಲ್ಲ, ಕೋಕೋದ ಕಹಿ ಕೊನೆಯಲ್ಲಿ ಸಣ್ಣಗೆ ಉಳಿಯಿತು.

ಎರಡು ತುಂಡು ಡಬ್ಬಿಯಲ್ಲಿಟ್ಟು ಭಾನುವಾರ ಪುತ್ತೂರಿಗೆ ಹೋದೆವು. ನನ್ನ ಅಮ್ಮನಿಗೆ ಎಂಬತ್ತನಾಲ್ಕು. ಆಯುಷ್ಯವಿಡೀ ಕೊಕ್ಕೋ ಬೀಜ ಮಾರಿದ ಅವರು ಚಾಕೊಲೇಟ್ ಇಷ್ಟಪಟ್ಟದ್ದನ್ನು ನಾನು ಕಂಡಿಲ್ಲ. ಕೇಕನ್ನು ನಿಧಾನವಾಗಿ ಜಗಿದು, ‘ಬೆಲ್ಲ ಹಾಕಬಹುದಿತ್ತು’ ಎಂದರು. ಮೊಮ್ಮಗಳು ಅದನ್ನು ಗಂಭೀರವಾಗಿ ಕೇಳಿಸಿಕೊಂಡು, ಎಷ್ಟು ಹಾಕಬೇಕೆಂದು ವಿಚಾರಿಸಿದಳು.

ಚಿಕ್ಕವನು ಆಗಲೇ ತೋಟಕ್ಕಿಳಿದಿದ್ದ. ಮಳೆಗೆ ಬಹಳಷ್ಟು ಕಾಯಿ ಕೊಳೆತು ಕಪ್ಪಾಗಿದ್ದವು, ಹುಡುಕಿ ಹುಡುಕಿ ಒಂದು ಹಳದಿ ಹಣ್ಣು ತಂದ. ಒಡೆದು ಕೊಟ್ಟೆ. ಬಿಳಿ ತೊಳೆ ಬಾಯಿಗೆ ಹಾಕಿಕೊಂಡು, ಈ ಸಲ ಮುಖ ಹಿಂಡದೆ, ಕೆನ್ನೆ ಉಬ್ಬಿಸಿಕೊಂಡು ಚೀಪತೊಡಗಿದ. ಉಗುಳಲು ಅಂಗಳದ ಕಡೆ ತಿರುಗಿದಾಗ ಜಗಲಿಯಿಂದ ಅಮ್ಮನ ದನಿ ಬಂತು, ‘ಬುಟ್ಟಿಗೆ, ಬುಟ್ಟಿಗೆ!’

ನಮಸ್ಕಾರ.